ಡಬ್ಬಿಯಲ್ಲಿ ಡಿಕೋಡರ್ ಉಂಟು, ಡ್ರೈವರ್ ಎಲ್ಲಿ?

ಪತ್ತನಾಜೆ, ಅಂದರೆ ಯಕ್ಷಗಾನದ ಸೀಸನ್ ಮುಗಿಯುವ ದಿನ, ಕಳೆದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೇ ಬೇರೆ. ಹೊರಗೆ ಮಳೆ, ಒಳಗೆ ಹಾರ್ಡ್ ಡಿಸ್ಕ್. ಸೀಸನ್ನಿಡೀ ನಿದ್ದೆಗೆಟ್ಟು ರೆಕಾರ್ಡ್ ಮಾಡಿದ ಆಟಗಳನ್ನೆಲ್ಲ ಟಿವಿಯಲ್ಲಿ ನೋಡೋಣ ಅಂತ ಒಂದು ಪುಟ್ಟ ಲಿನಕ್ಸ್ ಬೋರ್ಡ್ ತಂದು ಟಿವಿ ಹಿಂದೆ ಸಿಕ್ಕಿಸುತ್ತಾರೆ. ಅದು ತಡವರಿಸುತ್ತದೆ. ಆಮೇಲೆ ನನಗೆ ಪತ್ರ. ಈ ಸಲ ಬಂದದ್ದರಲ್ಲಿ ಏಳು ಪತ್ರ ಇದೇ ವಿಷಯದ್ದು, ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲೇ ಒಂದು ಮಾತು: ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡಿ ಫೈಲಿನಲ್ಲಿ ಇಟ್ಟಿರುತ್ತಾರೆ, ಎಚ್.264, ಎಚ್.265 ಎಲ್ಲಾ ಹಾಗೆ ಹಿಂಡುವ ವಿಧಾನಗಳ ಹೆಸರು. ನೋಡುವಾಗ ಅದನ್ನು ಬಿಡಿಸುವುದು ಡಿಕೋಡರ್, ಆ ಡಿಕೋಡರಿನಿಂದ ಕೆಲಸ ಮಾಡಿಸುವ ಸಾಫ್ಟ್‌ವೇರ್ ಡ್ರೈವರ್.

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಹತ್ತು ವರ್ಷದ ಬಡಗುತಿಟ್ಟಿನ ಆಟಗಳ ರೆಕಾರ್ಡಿಂಗ್ ಉಂಟು, ಹೆಚ್ಚಿನದ್ದು ಎಚ್.264, 1080. ರಾಸ್ಪ್‌ಬೆರಿ ಪೈ 4ರಲ್ಲಿ ಕೋಡಿ ಪ್ಲೇಯರ್ ಹಾಕಿ ನೋಡುತ್ತಿದ್ದೆ, ಸಿಪಿಯು ಹತ್ತಿಪ್ಪತ್ತು ಶೇಕಡಾ ದಾಟುತ್ತಿರಲಿಲ್ಲ. ಹೊಸತು ಒಳ್ಳೆಯದಿರಬಹುದು ಅಂತ ಪೈ 5 ತಂದೆ. ಈಗ ಅದೇ ಫೈಲಿಗೆ ನಾಲ್ಕೂ ಕೋರ್ ಕೆಲಸ ಮಾಡುತ್ತವೆ, ಫ್ಯಾನ್ ಬೇರೆ ಗಿರ್ರ್ ಅನ್ನುತ್ತದೆ. ಡ್ರೈವರ್ ಹಾಕುವುದು ಬಿಟ್ಟುಹೋಗಿದೆಯಾ? ಅಥವಾ ನನಗೆ ಹಾಳು ಬೋರ್ಡ್ ದಾಟಿಸಿದ್ದಾರಾ? — ನಿವೃತ್ತ ಮೇಷ್ಟ್ರು, ಕುಂದಾಪುರ

ಉತ್ತರ: ಬೋರ್ಡ್ ಹಾಳಾಗಿಲ್ಲ ಮೇಷ್ಟ್ರೇ. ಡ್ರೈವರ್ ಹುಡುಕಲಿಕ್ಕೂ ಹೋಗಬೇಡಿ, ಯಾಕಂದ್ರೆ ಅದು ಇಲ್ಲ. ಪೈ 5ರಲ್ಲಿ ಎಚ್.264 ಬಿಡಿಸುವ ಹಾರ್ಡ್‌ವೇರೇ ಇಲ್ಲ.

2019ರಲ್ಲಿ ಬಂದ ಪೈ 4ರ ಚಿಪ್ಪಿನಲ್ಲಿ ಎರಡು ಡಿಕೋಡರ್ ಇದ್ದವು. ಒಂದು ಎಚ್.264ಗೆ, 1080ರಲ್ಲಿ ಸೆಕೆಂಡಿಗೆ 60 ಫ್ರೇಮ್ ತನಕ. ಇನ್ನೊಂದು ಎಚ್.265 ಅಂದರೆ ಎಚ್‌ಇವಿಸಿಗೆ, 4ಕೆಯಲ್ಲಿ 60 ಫ್ರೇಮ್ ತನಕ. 2023ರ ಪೈ 5ರಲ್ಲಿ ಎರಡನೆಯದನ್ನು ಮಾತ್ರ ಉಳಿಸಿಕೊಂಡರು. ಎಚ್.264 ಬಂದರೆ ಸಿಪಿಯುವೇ ಲೆಕ್ಕ ಮಾಡಿ ಬಿಡಿಸುತ್ತದೆ. ಅದರಲ್ಲಿರುವುದು 2.4 ಗಿಗಾಹರ್ಟ್ಸಿನ ನಾಲ್ಕು ಕಾರ್ಟೆಕ್ಸ್ ಎ76 ಕೋರ್, ಪೈ 4ರ ಎ72ಗಿಂತ ತುಂಬಾ ಜೋರು. 1080ರ ಆಟ ಅದಕ್ಕೆ ಭಾರವೇ ಅಲ್ಲ. ನಿಮ್ಮ ಪತ್ರದಲ್ಲೂ ಚಿತ್ರ ತಡವರಿಸುತ್ತದೆ ಅಂತ ಒಂದು ಕಡೆಯೂ ಇಲ್ಲ, ಗಮನಿಸಿದೆ. ನಿಮಗೆ ತೊಂದರೆ ಕೊಟ್ಟಿರುವುದು ಪರದೆಯಲ್ಲ, ಸಿಪಿಯು ಮೀಟರ್!

ಅನುಮಾನ ಪರಿಹಾರಕ್ಕೆ ಒಂದು ಕೆಲಸ ಮಾಡಿ. ಕೋಡಿಯಲ್ಲಿ ವಿಡಿಯೊ ಓಡುತ್ತಿರುವಾಗ ಕೀಬೋರ್ಡಿನಲ್ಲಿ 'ಓ' ಅಕ್ಷರ ಒತ್ತಿ (ಇಂಗ್ಲಿಷಿನ ಓ, ಸೊನ್ನೆ ಅಲ್ಲ). ಡಿಕೋಡರಿನ ಹೆಸರು ಬರುತ್ತದೆ, ಪಕ್ಕದಲ್ಲಿ ಹಾರ್ಡ್‌ವೇರಾ ಸಾಫ್ಟ್‌ವೇರಾ ಅಂತ ಗುರುತು. ಎಚ್.264 ಫೈಲಿಗೆ ಸಾಫ್ಟ್‌ವೇರ್ ಅಂತಲೇ ತೋರಿಸುತ್ತದೆ. ಯಾವುದಾದರೂ ಎಚ್‌ಇವಿಸಿ ಫೈಲ್ ಹಾಕಿ ನೋಡಿ, ಹಾರ್ಡ್‌ವೇರ್ ಅನ್ನಬೇಕು. ಅಲ್ಲೂ ಸಾಫ್ಟ್‌ವೇರ್ ಅಂದರೆ ಮಾತ್ರ ಮತ್ತೆ ಬರೆಯಿರಿ.

ಪತ್ರದ ಕೊನೆಯಲ್ಲಿ ಇನ್ನೊಂದು ಕೇಳಿದ್ದೀರಿ, ಎಲ್ಲವನ್ನೂ ಎಚ್‌ಇವಿಸಿಗೆ ಬದಲಾಯಿಸಲಾ ಅಂತ. ದಯವಿಟ್ಟು ಬೇಡ. ಒಮ್ಮೆ ಹಿಂಡಿದ ಕಾಯಿಯನ್ನು ಮತ್ತೆ ಹಿಂಡಿದರೆ ಬರುವುದು ನೀರುಹಾಲೇ. ಅದೂ ಅಲ್ಲದೆ ಪೈ 5ರಲ್ಲಿ ಎನ್‌ಕೋಡರ್ ಹಾರ್ಡ್‌ವೇರ್ ಕೂಡ ಇಲ್ಲ. ಒಂದು ರಾತ್ರಿಯ ಆಟ ಬದಲಾಯಿಸುವಷ್ಟರಲ್ಲಿ ನಿಮಗೆ ಬೇಜಾರು ಬಂದುಬಿಡುತ್ತದೆ, ಹತ್ತು ವರ್ಷದ್ದು ಬಿಡಿ. ಮೂಲ ಫೈಲ್ ಹಾಗೇ ಇರಲಿ, ಒಂದು ಪ್ರತಿ ಬೇರೆ ಡಿಸ್ಕಿನಲ್ಲೂ ಇರಲಿ. ಈ ಉಪ್ಪುಗಾಳಿಗೆ ಡಿಸ್ಕ್ ಯಾವಾಗ ಕೈಕೊಡುತ್ತದೆ ಹೇಳಲಿಕ್ಕಾಗುವುದಿಲ್ಲ.

ಫ್ಯಾನಿನ ಬಗ್ಗೆ: ಚಿಪ್ಪಿನ ಬಿಸಿ 80 ಡಿಗ್ರಿ ಮುಟ್ಟಿದರೆ ಪೈ ತಾನಾಗಿ ನಿಧಾನ ಮಾಡಿಕೊಳ್ಳುತ್ತದೆ, 85ಕ್ಕೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ನಮ್ಮ ಸೆಕೆಗೆ ಫ್ಯಾನ್ ತಿರುಗಲಿ ಬಿಡಿ. ಬೋರ್ಡನ್ನು ಟಿವಿಗೂ ಗೋಡೆಗೂ ನಡುವೆ ಒತ್ತಿಡಬೇಡಿ, ಅಷ್ಟೇ.

ಪ್ರಶ್ನೆ: ಮಲ್ಪೆ ಕಡೆ ನಮ್ಮದೊಂದು ಚಿಕ್ಕ ಹೋಂಸ್ಟೇ. ಜಗಲಿಯ ಟಿವಿಯಲ್ಲಿ ಸೈಂಟ್ ಮೇರೀಸ್ ದ್ವೀಪ, ಕಡಲು, ಮೀನುಗಾರಿಕೆ ಎಲ್ಲಾ ಇರುವ 4ಕೆ ವಿಡಿಯೊ ದಿನಾ ಓಡುತ್ತದೆ, ಎಚ್‌ಇವಿಸಿ ಫೈಲ್. ಬೋರ್ಡಿನಲ್ಲಿ ರಾಕ್‌ಚಿಪ್ ಆರ್‌ಕೆ3399 ಉಂಟು. ಕಂಪನಿಯವರೇ ಕೊಟ್ಟ ಸಾಫ್ಟ್‌ವೇರಿನಲ್ಲಿ ಎರಡು ವರ್ಷ ಚಂದ ಓಡಿತು. ಮೊನ್ನೆ ನಮ್ಮ ಭಾವನ ಮಗ ಬಂದವನು "ಇದು ಹಳೇ ಕರ್ನಲ್, ಸೇಫ್ ಅಲ್ಲ" ಅಂತ ಆರ್ಮ್‌ಬಿಯನ್ ಅನ್ನುವ ಹೊಸ ಲಿನಕ್ಸ್ ಹಾಕಿ ಹೋದ. ಈಗ ಕಡಲಿನ ತೆರೆ ಮೆಟ್ಟಿಲು ಇಳಿದ ಹಾಗೆ ಬರುತ್ತದೆ. ಹೊಸತರಲ್ಲಿ ಹಳೆಯದಕ್ಕಿಂತ ಕಡಿಮೆ ಆಗುವುದು ಹೇಗೆ? ಎಂತ ಮಾಡುದು ಮಾರಾಯ್ರೇ? — ಹೋಂಸ್ಟೇ ನಡೆಸುವವರು, ಮಲ್ಪೆ

ಉತ್ತರ: ಭಾವನ ಮಗನಿಗೆ ಬೈಯಬೇಡಿ, ಅವನು ಹೇಳಿದ್ದರಲ್ಲಿ ಅರ್ಧ ಸರಿ. ಆದರೆ ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ಚಾ ಮಾಡಿಕೊಂಡು ಕೂತುಕೊಳ್ಳಿ.

ಚಿಪ್ಪಿನೊಳಗೆ ಡಿಕೋಡರ್ ಇದ್ದರೆ ಸಾಲದು. ಅದರ ಜೊತೆ ಮಾತಾಡುವ ಡ್ರೈವರ್ ಕರ್ನಲಿನಲ್ಲಿ, ಅಂದರೆ ಲಿನಕ್ಸಿನ ತಿರುಳಿನಲ್ಲಿ, ಇರಬೇಕು. ಆ ಡ್ರೈವರಿನ ಭಾಷೆ ಪ್ಲೇಯರಿಗೆ ಗೊತ್ತಿರಬೇಕು. ಬಿಡಿಸಿದ ಚಿತ್ರವನ್ನು ಪರದೆಗೆ ದಾಟಿಸುವ ದಾರಿ ತೆರೆದಿರಬೇಕು. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಕೆಲಸ ಸದ್ದಿಲ್ಲದೆ ಸಿಪಿಯು ತಲೆಗೆ ಬೀಳುತ್ತದೆ, ಯಾರೂ ನಿಮಗೆ ಹೇಳುವುದಿಲ್ಲ. ಆರ್‌ಕೆ3399ರ ಸಿಪಿಯು ಕೈಯಲ್ಲಿ 4ಕೆ ಎಚ್‌ಇವಿಸಿ ಆಗುವ ಮಾತಲ್ಲ, ಅದಕ್ಕೇ ನಿಮ್ಮ ತೆರೆಗಳು ಮೆಟ್ಟಿಲಾದದ್ದು.

ಕಂಪನಿಯ ಹಳೇ ಸಾಫ್ಟ್‌ವೇರಿನಲ್ಲಿ ಇದ್ದದ್ದು ರಾಕ್‌ಚಿಪ್‌ನವರದೇ ದಾರಿ, ಎಂಪಿಪಿ ಅನ್ನುತ್ತಾರೆ. ಅವರದೇ ಕರ್ನಲ್, ಅವರದೇ ಲೈಬ್ರರಿ, ಅದಕ್ಕೆ ಹೊಂದಿಸಿದ ಪ್ಲೇಯರ್. ಎಲ್ಲಾ ಒಂದೇ ಮನೆಯವರು, ಜಗಳ ಇಲ್ಲ. ಆದರೆ ಆ ಡ್ರೈವರ್ ಆ ಕರ್ನಲಿಗೇ ಅಂಟಿಕೊಂಡದ್ದು. ಎಲ್ಲರಿಗೂ ಬಿಡುಗಡೆಯಾಗುವ ಸಾಮಾನ್ಯ ಲಿನಕ್ಸ್ ಕರ್ನಲಿಗೆ ಹೋದರೆ ಅದು ಜೊತೆಗೆ ಬರುವುದಿಲ್ಲ. ಅಲ್ಲಿ ಬೇರೆಯವರು ಬೇರೆ ರೀತಿಯಲ್ಲಿ, ಮೊದಲಿನಿಂದ ಬರೆದ ಡ್ರೈವರ್ ಇರುತ್ತದೆ, ಅದೂ ಇದ್ದರೆ.

ಯಾಕೆ ಮೊದಲಿನಿಂದ ಬರೆಯಬೇಕು ಅಂದರೆ, ಈ ಡಿಕೋಡರ್‌ಗಳಲ್ಲಿ ಎರಡು ಜಾತಿ. ಮದುವೆ ಅಡಿಗೆ ನೆನಪು ಮಾಡಿಕೊಳ್ಳಿ. ಒಂದು ಜಾತಿ ಅಡಿಗೆ ಭಟ್ಟರ ಹಾಗೆ. ಸಾಮಾನು ತಂದು ಹಾಕಿದರೆ ಸಾಕು, ಎಷ್ಟು ಹೊತ್ತಿಗೆ ಯಾವುದನ್ನು ಒಲೆಗೆ ಇಡಬೇಕು ಅವರಿಗೇ ಗೊತ್ತು, ನೀವು ಬಾಳೆಲೆ ಹಾಕಿ ಕಾಯಬೇಕು ಅಷ್ಟೇ. ಇದಕ್ಕೆ ಸ್ಟೇಟ್‌ಫುಲ್ ಅಂತ ಹೆಸರು. ಒಳಗೊಂದು ಫರ್ಮ್‌ವೇರ್ (ಚಿಪ್ಪಿನದ್ದೇ ಸಾಫ್ಟ್‌ವೇರ್) ಕೂತು ಎಲ್ಲ ಲೆಕ್ಕ ಇಟ್ಟುಕೊಳ್ಳುತ್ತದೆ. ಪೈ 4ರ ಎಚ್.264 ಈ ಜಾತಿ. ಇನ್ನೊಂದು ಜಾತಿ ಕೈ ಚುರುಕಿನ, ಆದರೆ ಮರೆವಿನ ಹುಡುಗನ ಹಾಗೆ. ಸೌತೆಕಾಯಿ ಹೆಚ್ಚು ಅಂದರೆ ಕ್ಷಣದಲ್ಲಿ ಹೆಚ್ಚಿಡುತ್ತಾನೆ. ಆದರೆ ಪ್ರತಿಸಲ ಹೇಳಬೇಕು: ಇದು ಹೋಳು, ಇಷ್ಟು ಗಾತ್ರ, ಈ ಪಾತ್ರೆಗೆ, ಈಗಷ್ಟೇ ಹೆಚ್ಚಿದ ಆ ಎರಡು ಪಾತ್ರೆ ನೋಡಿಕೊಂಡು. ಮುಗಿದ ಕೂಡಲೇ ಎಲ್ಲಾ ಮರೆತುಬಿಡುತ್ತಾನೆ. ಇದು ಸ್ಟೇಟ್‌ಲೆಸ್. ಪ್ರತಿ ಫ್ರೇಮಿನ ತಲೆಬರಹ ಓದುವುದು, ಯಾವ ಹಳೇ ಫ್ರೇಮನ್ನು ನೋಡಿಕೊಂಡು ಇದನ್ನು ಕಟ್ಟಬೇಕು ಅಂತ ಹೇಳುವುದು ಎಲ್ಲಾ ಪ್ಲೇಯರಿನ ಕಡೆಯ ಕೆಲಸ. ನಿಮ್ಮ ರಾಕ್‌ಚಿಪ್ ಈ ಜಾತಿಯದ್ದು. ಹಳೇ ಆಲ್‌ವಿನ್ನರ್ ಚಿಪ್‌ಗಳೂ ಅಷ್ಟೇ. ತಮಾಷೆ ಅಂದರೆ ಪೈ 4ರ ಎಚ್‌ಇವಿಸಿ ಕೂಡ ಈ ಜಾತಿಯೇ, ಒಂದೇ ಬೋರ್ಡಿನಲ್ಲಿ ಭಟ್ಟರೂ ಇದ್ದಾರೆ, ಹುಡುಗನೂ ಇದ್ದಾನೆ.

ಈ ಹುಡುಗನ ಹತ್ತಿರ ಮಾತಾಡುವ ರೀತಿ ಹೇಗಿರಬೇಕು ಅಂತ ಲಿನಕ್ಸಿನವರು ತೀರ್ಮಾನ ಮಾಡಲಿಕ್ಕೇ ವರ್ಷಗಟ್ಟಲೆ ಹಿಡಿಯಿತು. ರಿಕ್ವೆಸ್ಟ್ ಎಪಿಐ ಅನ್ನುವ ಆ ಮಾತಿನ ಕ್ರಮ ಕರ್ನಲಿಗೆ ಸೇರಿದ್ದು 2018ರ ಕೊನೆಗೆ, ಅದರ 4.20ನೇ ಆವೃತ್ತಿಯಲ್ಲಿ. ಆಲ್‌ವಿನ್ನರ್ ಚಿಪ್‌ಗಳ ಸೆಡ್ರಸ್ ಡ್ರೈವರ್ ಬಂದದ್ದೂ ಆಗಲೇ. ಅದಕ್ಕೆ ಬೂಟ್ಲಿನ್ ಅನ್ನುವ ಫ್ರೆಂಚ್ ಕಂಪನಿ ಜನರ ಹತ್ತಿರ ಚಂದಾ ಎತ್ತಿ ಕೆಲಸ ಮಾಡಿತ್ತು, ನಮ್ಮಲ್ಲಿ ಆಟ ಆಡಿಸಲಿಕ್ಕೆ ಊರವರು ಹಣ ಒಟ್ಟು ಮಾಡುವ ಹಾಗೆ. ಎಚ್.264ರ ಮಾತು ಪಕ್ಕಾ ಆದದ್ದು 2021ರಲ್ಲಿ, 5.11ಕ್ಕೆ. ಎಚ್‌ಇವಿಸಿಯದ್ದು 2022ರಲ್ಲಿ, 6.0ಕ್ಕೆ. ಎವಿ1 ಅನ್ನುವ ಇನ್ನೊಂದು ವಿಧಾನದ್ದು 6.5ಕ್ಕೆ. ಮಾತು ಪಕ್ಕಾ ಆಯ್ತು ಅಂದರೆ ಎಲ್ಲ ಚಿಪ್ಪಿಗೂ ಡ್ರೈವರ್ ಬಂತು ಅಂತಲ್ಲ. ನಿಮ್ಮ ಆರ್‌ಕೆ3399ಗೆ ಸಾಮಾನ್ಯ ಕರ್ನಲಿನಲ್ಲಿ ಮೊದಲು ಎಚ್.264 ಬಂತು, ಆಮೇಲೆ ವಿಪಿ9 (ಅದೂ ಹಿಂಡುವ ಒಂದು ವಿಧಾನವೇ). ಎಚ್‌ಇವಿಸಿ ಮಾತ್ರ ತುಂಬಾ ವರ್ಷ ಹೊರಗಿನ ಪ್ಯಾಚ್ ಆಗಿಯೇ, ಅಂದರೆ ಬೇರೆಯಾಗಿ ಹಚ್ಚಿಕೊಳ್ಳಬೇಕಾದ ತೇಪೆಯಾಗಿಯೇ, ಓಡಾಡಿಕೊಂಡಿತ್ತು. ಚಿಪ್ಪಿನಲ್ಲಿ ಶಕ್ತಿ ಉಂಟು, ಕೇಳುವವರಿಲ್ಲ.

ಪ್ಲೇಯರ್ ಕಡೆಯೂ ಇದೇ ಕಥೆ. ಜಿಸ್ಟ್ರೀಮರ್, ಎಫ್‌ಎಫ್‌ಎಂಪೆಗ್ ಅನ್ನುವವು ಪ್ಲೇಯರುಗಳೊಳಗೆ ಕೂತು ವಿಡಿಯೊ ಬಿಡಿಸುವ ಲೈಬ್ರರಿಗಳು. ಜಿಸ್ಟ್ರೀಮರ್‌ನವರು ಈ ಸ್ಟೇಟ್‌ಲೆಸ್ ದಾರಿಯನ್ನು 2020ರಲ್ಲೇ, 1.18ರಲ್ಲಿ ಒಳಗೆ ಸೇರಿಸಿಕೊಂಡರು. ಎಫ್‌ಎಫ್‌ಎಂಪೆಗ್ ಕಡೆ ಅದು ವರ್ಷಾನುಗಟ್ಟಲೆ ಪ್ಯಾಚ್ ಆಗಿಯೇ ಉಳಿಯಿತು. ಕೋಡಿ, ಎಂಪಿವಿ ಅನ್ನುವ ಎರಡೂ ಪ್ಲೇಯರ್ ನಿಂತಿರುವುದು ಎಫ್‌ಎಫ್‌ಎಂಪೆಗ್ ಮೇಲೆ. ಲಿಬ್ರೆಎಲೆಕ್‌ನವರು ಆ ಪ್ಯಾಚ್‌ಗಳನ್ನೆಲ್ಲ ಕೋಡಿಗೆಂದೇ ಮಾಡಿದ ತಮ್ಮ ಲಿನಕ್ಸಿಗೆ ತಾವೇ ಹಚ್ಚಿ ಕೊಡುತ್ತಾರೆ, ಅದಕ್ಕೇ ಅದರಲ್ಲಿ ಓಡುವ ಫೈಲ್ ಅದೇ ಬೋರ್ಡಿನ ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನಲ್ಲಿ ಓಡದೇ ಇರುವುದುಂಟು. ಜನ ಇದನ್ನು ನೋಡಿ ಡೆಬಿಯನ್‌ಗೆ ಬೈಯುತ್ತಾರೆ, ಪಾಪ.

ಹಾಗಾದರೆ ನೀವೇನು ಮಾಡಬೇಕು? ಆ ಬೋರ್ಡ್ ವಿಡಿಯೊ ತೋರಿಸುವುದು ಬಿಟ್ಟು ಬೇರೆ ಕೆಲಸ ಮಾಡುವುದಿಲ್ಲ ಅಂತಾದರೆ, ನಿಮ್ಮ ಬೋರ್ಡಿನ ಹೆಸರಿಗೆ ಲಿಬ್ರೆಎಲೆಕ್ ಉಂಟಾ ಮೊದಲು ನೋಡಿ. ಇದ್ದರೆ ಅದನ್ನೇ ಹಾಕಿ, ಇವತ್ತು ಸಂಜೆಗೆ ಕಡಲು ಸರಿಯಾಗುತ್ತದೆ. ಇಲ್ಲದಿದ್ದರೆ ಹಳೇ ಕಂಪನಿ ಸಾಫ್ಟ್‌ವೇರಿಗೇ ವಾಪಸ್ ಹೋಗಿ, ಆದರೆ ನೆಟ್‌ವರ್ಕ್ ಕೇಬಲ್ ತೆಗೆದುಬಿಡಿ. ವೈಫೈಯೂ ಬೇಡ. ಹಳೇ ಕರ್ನಲಿನ ಬಗ್ಗೆ ಹುಡುಗ ಹೇಳಿದ ಹೆದರಿಕೆ ಸರಿಯೇ, ಆದರೆ ಫೈಲ್ ಪೆನ್‌ಡ್ರೈವಿನಲ್ಲಿ ಇರುವಾಗ ಬೋರ್ಡಿಗೆ ಇಂಟರ್‌ನೆಟ್ ಯಾಕೆ? ಮೂರನೆಯ ದಾರಿಯೂ ಉಂಟು: ಟಿವಿ 1080ರದ್ದಾದರೆ ಅಥವಾ ಜಗಲಿಯಿಂದ ದೂರ ಕೂತು ನೋಡುವುದಾದರೆ, ಮೂಲ ಫೈಲನ್ನು ಲ್ಯಾಪ್‌ಟಾಪಿನಲ್ಲಿ 1080ರ ಎಚ್.264 ಮಾಡಿಕೊಳ್ಳಿ. ಮೇಷ್ಟ್ರಿಗೆ ಬೇಡ ಅಂದದ್ದನ್ನು ನಿಮಗೆ ಹೇಳುತ್ತಿದ್ದೇನೆ, ಯಾಕಂದ್ರೆ ನಿಮ್ಮದು ಒಂದೇ ಫೈಲು, ಸಂಗ್ರಹ ಅಲ್ಲ.

ನಾನೂ ಇದರಲ್ಲಿ ಹಣ ಕಳೆದುಕೊಂಡವನೇ. ಕೆಲವು ವರ್ಷದ ಹಿಂದೆ ಉಡುಪಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ದೊಡ್ಡ ಪರದೆಯಲ್ಲಿ ಮನೆ ಕಟ್ಟಿದ ಕಥೆ ತೋರಿಸುತ್ತೇನೆ ಅಂತ ಜಂಬದಲ್ಲಿ ಒಪ್ಪಿಕೊಂಡೆ. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ 4ಕೆ ಅಂತಿತ್ತು, ಪಕ್ಕದಲ್ಲೇ ಲಿನಕ್ಸಿನ ಪೆಂಗ್ವಿನ್ ಚಿತ್ರ. ಎರಡೂ ನಿಜವೇ. ಆದರೆ 4ಕೆ ಇದ್ದದ್ದು ಆಂಡ್ರಾಯ್ಡ್‌ಗೆ, ಪೆಂಗ್ವಿನ್ ಇದ್ದದ್ದು ಡಿಕೋಡರ್ ಇಲ್ಲದ ಲಿನಕ್ಸಿಗೆ. ಎರಡೂ ಒಟ್ಟಿಗೆ ಸಿಗುತ್ತದೆ ಅಂತ ಅವರು ಎಲ್ಲೂ ಬರೆದಿರಲಿಲ್ಲ, ನಾನೇ ಹಾಗೆ ಓದಿಕೊಂಡೆ. ಪೂರ್ಣಾಹುತಿ ಆಗಿ ಜನ ಊಟಕ್ಕೆ ಎದ್ದರೂ ನನ್ನ ಪರದೆಯಲ್ಲಿ ಪಂಚಾಂಗ ಮುಗಿದಿರಲಿಲ್ಲ. ಮನೆಯ ಪಂಚಾಂಗ, ಅಂದರೆ ಅಡಿಪಾಯ. ಆ ಬೋರ್ಡ್ ಈಗ ನನ್ನ ಮೇಜಿನ ಮೇಲೆ ಕಾಗದ ಹಾರದ ಹಾಗೆ ನೋಡಿಕೊಳ್ಳುತ್ತದೆ.

ಪ್ರಶ್ನೆ: ಅಣ್ಣಾ, ಹಾಸ್ಟೆಲಲ್ಲಿ ಪೈ 4ಗೆ ಸುಮ್ನೆ ಒಂದು ಹೊಸ ಯೂಸರ್ ಮಾಡಿಕೊಂಡೆ. ಆ ಯೂಸರಲ್ಲಿ ಎಂಪಿವಿ ಓಡಿಸಿದರೆ ಸಾಫ್ಟ್‌ವೇರ್ ಡಿಕೋಡ್, ರೂಟ್ (ಎಲ್ಲ ಹಕ್ಕೂ ಇರುವ ಯೂಸರ್) ಆಗಿ ಓಡಿಸಿದರೆ ಹಾರ್ಡ್‌ವೇರ್. ಇದೆಂಥ ಜಾತಿಭೇದ? — ವಿದ್ಯಾರ್ಥಿ, ಸುರತ್ಕಲ್

ಉತ್ತರ: ಡಿಕೋಡರ್ ಅನ್ನುವುದು ಲಿನಕ್ಸಿಗೆ ಒಂದು ಡಿವೈಸ್ ಫೈಲ್, 'ವಿಡಿಯೊ' ಹೆಸರು, ಮುಂದೊಂದು ನಂಬರ್. ಅದನ್ನು ಮುಟ್ಟುವ ಹಕ್ಕು 'ವಿಡಿಯೊ' ಗುಂಪಿನವರಿಗೆ. ಹೊಸ ಯೂಸರನ್ನು ಆ ಗುಂಪಿಗೆ ಸೇರಿಸಿಲ್ಲ ನೀನು. ಅದಕ್ಕೂ 'ರೆಂಡರ್' ಗುಂಪಿಗೂ ಸೇರಿಸು, ಒಮ್ಮೆ ಲಾಗ್ಔಟ್ ಆಗಿ ಬಾ. ದಿನಾ ರೂಟ್ ಆಗಿ ಸಿನಿಮಾ ನೋಡುವ ಅಭ್ಯಾಸ ಮಾತ್ರ ಬೇಡ.

ಪ್ರಶ್ನೆ: ನಾನು ಮದುವೆ ವಿಡಿಯೊ ಮಾಡುವವನು. ಗಿರಾಕಿಗಳಿಗೆ ಸ್ಟುಡಿಯೊದಲ್ಲಿ ತೋರಿಸಲಿಕ್ಕೆ ಪೈ 4 ಇಟ್ಟಿದ್ದೇನೆ. ಹಾರ್ಡ್‌ವೇರ್ ಡಿಕೋಡಿಂಗ್ ಸರಿಯಾಗಿ ನಡೆಯುತ್ತಿದೆ, ಸಿಪಿಯು ಆರಾಮಾಗಿದೆ, ಬಿದ್ದ ಫ್ರೇಮ್ ಸೊನ್ನೆ. ಆದರೂ ಕ್ಯಾಮೆರಾ ಮಂಟಪದ ಮೇಲೆ ನಿಧಾನ ತಿರುಗುವಾಗ ಚಿತ್ರ ಕುಂಟುತ್ತದೆ. ಲ್ಯಾಪ್‌ಟಾಪಿನಲ್ಲೂ ಒಮ್ಮೊಮ್ಮೆ ಹೀಗೇ. ಡ್ರೈವರಿನದ್ದಾ ಕ್ಯಾಮೆರಾದ್ದಾ? — ಸ್ಟುಡಿಯೊ ಮಾಲಕರು, ಕಾರ್ಕಳ

ಉತ್ತರ: ಎರಡರದ್ದೂ ಅಲ್ಲ, ಲೆಕ್ಕದ್ದು. ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ನೀವು ಶೂಟ್ ಮಾಡುವುದು ಸೆಕೆಂಡಿಗೆ 25 ಫ್ರೇಮಿನಲ್ಲಿ, ಅಲ್ವಾ? ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಹಾಲ್ ಲೈಟಿನ ಮಿಣುಕು ಬಾರದ ಹಾಗೆ ಹೆಚ್ಚಿನವರು ಹಾಗೇ ಇಡುತ್ತಾರೆ. ನಿಮ್ಮ ಟಿವಿಗೆ ಪೈ ಕಳಿಸುತ್ತಿರುವುದು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ. 60ನ್ನು 25ರಿಂದ ಭಾಗಿಸಿದರೆ 2.4. ಪರದೆಗೆ ಅರ್ಧಂಬರ್ಧ ತೋರಿಸಲಿಕ್ಕೆ ಆಗುವುದಿಲ್ಲ. ಆದ್ದರಿಂದ ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ, ಮತ್ತೆ ಎರಡು ಅಂತ ನಿಲ್ಲುತ್ತದೆ. ಮಾತಾಡುತ್ತಾ ಕೂತವರ ಮುಖದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ನಿಧಾನ ತಿರುಗಿದಾಗ ಮಂಟಪದ ಕಂಬ ಹೆಜ್ಜೆ ತಪ್ಪಿ ನಡೆಯುತ್ತದೆ. ಡಿಕೋಡರ್ ತನ್ನ ಕೆಲಸ ಸರಿಯಾಗಿ ಮಾಡಿದೆ, ತಾಳ ತಪ್ಪಿದ್ದು ಪರದೆ. ಭಾಗವತರು ಒಂದು ತಾಳ, ಮದ್ದಳೆಯವರು ಇನ್ನೊಂದು ತಾಳ ಹಿಡಿದರೆ ಕುಣಿಯುವವರು ಏನು ಮಾಡಬೇಕು?

ಪರಿಹಾರ ಸುಲಭ. ಕೋಡಿ ಇದ್ದರೆ ಪ್ಲೇಯರ್ ಸೆಟ್ಟಿಂಗಿನಲ್ಲಿ ವಿಡಿಯೊಗೆ ತಕ್ಕ ಹಾಗೆ ಪರದೆಯ ರಿಫ್ರೆಶ್ ರೇಟ್ ಬದಲಾಯಿಸುವ ಆಯ್ಕೆ ಉಂಟು, ಅದನ್ನು ಹಾಕಿ. ಫೈಲ್ ಶುರುವಾಗುವಾಗ ಟಿವಿ ಒಂದು ಕ್ಷಣ ಕಪ್ಪಾಗಿ 50 ಹರ್ಟ್ಸಿಗೆ ಹೋಗುತ್ತದೆ. ಎಂಪಿವಿ ಆದರೆ ಮೊದಲೇ ಪೈಯ ಡಿಸ್‌ಪ್ಲೇಯನ್ನು 50ಕ್ಕೆ ಇಟ್ಟುಬಿಡಿ. ಟಿವಿಗಳು 50ನ್ನು ಸಾಮಾನ್ಯವಾಗಿ ಒಪ್ಪುತ್ತವೆ. ಕಂಪ್ಯೂಟರ್ ಮಾನಿಟರ್‌ಗಳಲ್ಲಿ ಕೆಲವು ಒಪ್ಪುವುದಿಲ್ಲ, ನಿಮ್ಮ ಲ್ಯಾಪ್‌ಟಾಪಿನ ಕಾಟವೂ ಅದೇ ಇರಬಹುದು.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿತ್ತು: ಎಂಪಿವಿಯಲ್ಲಿ 'ಕಾಪಿ' ಅಂತ ಕೊನೆಗೊಳ್ಳುವ ಹಾರ್ಡ್‌ವೇರ್ ಆಯ್ಕೆ ಹಾಕಿದರೆ ಸಿಪಿಯು ಏರುತ್ತದೆ, ಯಾಕೆ ಅಂತ. ಬಿಡಿಸಿದ ಚಿತ್ರ ಎಷ್ಟು ದೊಡ್ಡದು ಅಂತ ಜನರಿಗೆ ಅಂದಾಜಿರುವುದಿಲ್ಲ. 1080ರ ಒಂದು ಫ್ರೇಮ್ ಬಿಡಿಸಿದ ಮೇಲೆ ಸುಮಾರು 3 ಎಂಬಿ. ಸೆಕೆಂಡಿಗೆ 25 ಅಂದರೆ 78 ಎಂಬಿ. ಅದೇ 4ಕೆ, 60 ಫ್ರೇಮ್ ಆದರೆ ಸೆಕೆಂಡಿಗೆ ಸುಮಾರು 750 ಎಂಬಿ. ಡಿಕೋಡರ್ ತಯಾರು ಮಾಡಿದ ಈ ರಾಶಿಯನ್ನು ಸಿಪಿಯು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿಯುವುದೇ ಕಾಪಿ. ಬಂದರಿನಲ್ಲಿ ಬೋಟಿನಿಂದ ನೇರ ಲಾರಿಗೆ ಹಾಕುವ ಮೀನನ್ನು ನಡುವೆ ಒಮ್ಮೆ ನೆಲಕ್ಕೆ ಸುರಿದು ಮತ್ತೆ ತುಂಬಿದ ಹಾಗೆ. ಮೆಮೊರಿಯನ್ನು ಇದ್ದಲ್ಲೇ ಇಟ್ಟು, ಅದರ ಗುರುತನ್ನು ಮಾತ್ರ ಪರದೆಯ ಕಡೆಗೆ ದಾಟಿಸುವ ವ್ಯವಸ್ಥೆ ಲಿನಕ್ಸಿನಲ್ಲಿ ಉಂಟು, ಡಿಎಂಎ-ಬಫ್ ಅಂತ ಹೆಸರು. ಚಿಕ್ಕ ಬೋರ್ಡುಗಳಲ್ಲಿ 4ಕೆ ಓಡುವುದು ಈ ದಾರಿ ಇದ್ದರೆ ಮಾತ್ರ. ಡೆಸ್ಕ್‌ಟಾಪ್ ಇಲ್ಲದೆ ನೇರ ಪರದೆಗೆ ಬರೆಯುವ ಕೋಡಿ ಡೆಸ್ಕ್‌ಟಾಪಿನೊಳಗಿನ ಪ್ಲೇಯರಿಗಿಂತ ನುಣ್ಣಗೆ ಓಡುವುದೂ ಹೆಚ್ಚಿನ ಸಲ ಇದಕ್ಕೇ.

ಪ್ರಶ್ನೆ: ಬಿಜೈಯಲ್ಲಿ ನಮ್ಮ ಬಟ್ಟೆ ಅಂಗಡಿ. ಮೊದಲು ಬಿಲ್ಲಿಂಗ್ ಸರ್ವರ್ ಆಗಿದ್ದ ಪೈ 4ನ್ನು ಈಗ ಜಾಹೀರಾತು ಪರದೆಗೆ ಹಾಕಿದ್ದೇವೆ. ಎಚ್.264 ಡಿಕೋಡರ್ ಡಿವೈಸೇ ಕಾಣುವುದಿಲ್ಲ. ಹೊಸ ಬೋರ್ಡಿನಲ್ಲಿ ಕಾಣುತ್ತದೆ, ಇದರಲ್ಲಿ ಇಲ್ಲ. ಸುಟ್ಟುಹೋಗಿದೆಯಾ?

ಉತ್ತರ: ಸರ್ವರ್ ಆಗಿದ್ದಾಗ ಯಾರೋ ಮೆಮೊರಿ ಉಳಿಸಲಿಕ್ಕೆ ಕಾನ್ಫಿಗ್ ಫೈಲಿನಲ್ಲಿ ಜಿಪಿಯು ಮೆಮೊರಿಯನ್ನು 16 ಅಂತ ಇಟ್ಟಿರುತ್ತಾರೆ ನೋಡಿ. 16 ಇಟ್ಟರೆ ಪೈ ತನ್ನ ಕತ್ತರಿಸಿದ ಫರ್ಮ್‌ವೇರನ್ನು ಎತ್ತಿಕೊಳ್ಳುತ್ತದೆ, ಅದರಲ್ಲಿ ಕೋಡೆಕ್ (ವಿಡಿಯೊ ಹಿಂಡುವ, ಬಿಡಿಸುವ) ಭಾಗವೇ ಇರುವುದಿಲ್ಲ. ಭಟ್ಟರನ್ನು ಮನೆಗೆ ಕಳಿಸಿ ಒಲೆ ಮಾತ್ರ ಉಳಿಸಿಕೊಂಡ ಹಾಗೆ. ಆ ಸಾಲು ತೆಗೆದು ರೀಬೂಟ್ ಮಾಡಿ. ಹಳೇ ಕಾರ್ಡ್ ಹಾಗೇ ಮುಂದುವರಿಸುವವರೆಲ್ಲ ಈ ಫೈಲನ್ನು ಒಮ್ಮೆ ಓದಬೇಕು. ಯಾರ್‍ಯಾರೋ ಯಾವ್ಯಾವುದೋ ಕಾಲದಲ್ಲಿ ಹೇಳಿದ ಸಲಹೆಗಳೆಲ್ಲ ಅಲ್ಲಿ ಪಾಚಿ ಕಟ್ಟಿರುತ್ತವೆ.

ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ ಅಂತಲೂ ಬರೆದಿದ್ದೀರಿ. ಅದು ಮಳೆಗಾಲದ ಎಚ್ಚರಿಕೆ ಅಲ್ಲ, ವೋಲ್ಟೇಜ್ ಸಾಲುತ್ತಿಲ್ಲ ಅಂತ. ಫೋನ್ ಚಾರ್ಜರ್ ತೆಗೆದು 5.1 ವೋಲ್ಟ್, 3 ಆಂಪಿಯರಿನ ಸರಿಯಾದ ಅಡಾಪ್ಟರ್ ಹಾಕಿ.

ಪ್ರಶ್ನೆ: ಅಮ್ಮನಿಗೆ ಯೂಟ್ಯೂಬಿನಲ್ಲಿ ಭಜನೆ, ಆಟ ನೋಡಲಿಕ್ಕೆ ಪೈ 4 ಹಾಕಿ ಕೊಟ್ಟೆ. ಅದೇ ಆಟದ ಫೈಲ್ ಡೌನ್‌ಲೋಡ್ ಮಾಡಿದ್ದು ಚಂದ ಓಡುತ್ತದೆ, ಬ್ರೌಸರಿನಲ್ಲಿ ಸಿಕ್ಕಿ ಸಿಕ್ಕಿ ಓಡುತ್ತದೆ. ಅಮ್ಮ "ಇದಕ್ಕಿಂತ ನನ್ನ ಮೊಬೈಲೇ ಒಳ್ಳೇದು" ಅನ್ನುತ್ತಾರೆ. — ಮಗಳು, ಕಲ್ಯಾಣಪುರ

ಉತ್ತರ: ಅಮ್ಮ ಹೇಳಿದ್ದು ಸರಿ. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಅಂಕಿಅಂಶದ ಪೆಟ್ಟಿಗೆ ತೆರೆಯಿರಿ, ಕೋಡೆಕ್ ಸಾಲಿನಲ್ಲಿ ವಿಪಿ9 ಅಥವಾ ಎವಿ1 ಅಂತ ಇರುತ್ತದೆ. ಅವೆರಡಕ್ಕೂ ಪೈ 4ರಲ್ಲಿ ಹಾರ್ಡ್‌ವೇರ್ ಇಲ್ಲ, ಪೈ 5ರಲ್ಲೂ ಇಲ್ಲ. ಎಚ್‌ಇವಿಸಿ ಡಿಕೋಡರ್ ಇದೆಯಲ್ಲ ಅಂದರೆ, ಯೂಟ್ಯೂಬ್ ಅದನ್ನು ಕೊಡುವುದಿಲ್ಲ. ಬ್ರೌಸರಿಗೆ ಎಚ್264ಇಫೈ ಅನ್ನುವ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಎಚ್.264 ಕಳಿಸುತ್ತದೆ, 1080 ತನಕ ಮಾತ್ರ. ಅಮ್ಮನಿಗೆ 720 ಇಟ್ಟುಕೊಡಿ. ಭಜನೆ ಕೇಳಲಿಕ್ಕೆ ಅಷ್ಟು ಸಾಕು, ಆಟದಲ್ಲಿ ಕಿರೀಟದ ಮಣಿ ಎಣಿಸಬೇಕಾದರೆ ಮಾತ್ರ ಮೇಲೆ ಹೋಗಿ.

ಎವಿ1 ಹಾರ್ಡ್‌ವೇರಿನಲ್ಲೇ ಬೇಕು ಅಂದರೆ ಆರ್‌ಕೆ3588 ಚಿಪ್ ಇರುವ ಬೋರ್ಡುಗಳುಂಟು. ಅದರ ಎವಿ1 ಡ್ರೈವರ್ 6.5ರಿಂದ ಸಾಮಾನ್ಯ ಕರ್ನಲಿನಲ್ಲೇ ಇದೆ. ಆದರೆ ಡ್ರೈವರ್ ಕರ್ನಲಿನಲ್ಲಿದ್ದ ಮಾತ್ರಕ್ಕೆ ಬ್ರೌಸರ್ ಅದನ್ನು ಬಳಸುತ್ತದೆ ಅಂತಲ್ಲ, ಮಲ್ಪೆಯವರಿಗೆ ಹೇಳಿದ ಕೊಂಡಿ ನೆನಪಿರಲಿ. ಅಮ್ಮನ ಭಜನೆಗೋಸ್ಕರ ನಾನಂತೂ ಅಷ್ಟು ಖರ್ಚು ಮಾಡಲಾರೆ.

ಪ್ರಶ್ನೆ: ಕಂಬಳದ ವಿಡಿಯೊ ಫೋನಿನಲ್ಲಿ ತೆಗೆದದ್ದು. ಕೆಲವು ಪೈ 4ರಲ್ಲಿ ಬೆಣ್ಣೆಯ ಹಾಗೆ ಓಡುತ್ತವೆ, ಕೆಲವು ಕೋಣ ಗದ್ದೆಯಲ್ಲಿ ಹೂತ ಹಾಗೆ. ಎಲ್ಲಾ ಒಂದೇ ಫೋನಿನದ್ದು, ಎಲ್ಲಾ 4ಕೆ. ಏನು ವ್ಯತ್ಯಾಸ? — ಓದುಗರು, ಮೂಡುಬಿದಿರೆ

ಉತ್ತರ: ನಡುವೆ ಯಾವಾಗಲೋ ಫೋನಿನ ಕ್ಯಾಮೆರಾ ಸೆಟ್ಟಿಂಗ್ ಬದಲಾಗಿದೆ. ಓಡುವವು ಎಚ್‌ಇವಿಸಿ, ಹೂತದ್ದು ಎಚ್.264 ಆಗಿರಬೇಕು. ಪೈ 4ರ ಎಚ್.264 ಡಿಕೋಡರ್ 1080ಕ್ಕೇ ನಿಲ್ಲುತ್ತದೆ, 4ಕೆ ಬಂದರೆ ಕೈಚೆಲ್ಲಿ ಸಿಪಿಯುಗೆ ಬಿಡುತ್ತದೆ, ಆ ಸಿಪಿಯುಗೆ ಅದು ಆಗುವುದಿಲ್ಲ. ಸ್ಲೋಮೋಷನ್ ಫೈಲ್‌ಗಳೂ ಹಾಗೇ: 1080 ಆದರೂ ಸೆಕೆಂಡಿಗೆ 240 ಫ್ರೇಮ್ ಇದ್ದರೆ 60ರ ಗಡಿ ಎಲ್ಲೋ ಹಿಂದೆ ಉಳಿಯಿತು. ಹೂತಿರುವ ಫೈಲ್‌ಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡಿ. ಫೋನಿನಲ್ಲಿ ಹೈ ಎಫಿಶಿಯೆನ್ಸಿ ಅಥವಾ ಎಚ್‌ಇವಿಸಿ ಅಂತ ಇರುವ ಆಯ್ಕೆಯನ್ನು ಈಗಲೇ ಹಾಕಿಡಿ, ಕರೆಗೆ, ಅಂದರೆ ಓಟದ ಗದ್ದೆಗೆ, ಕೋಣ ಇಳಿದ ಮೇಲೆ ಸೆಟ್ಟಿಂಗ್ ಹುಡುಕುತ್ತಾ ಕೂತರೆ ಅವು ಮಂಜೊಟ್ಟಿ (ಕರೆಯ ಕೊನೆ) ಮುಟ್ಟಿಬಿಟ್ಟಿರುತ್ತವೆ.